ಸ್ವಿಚ್ ಆಫ್ ಇದ್ದರೂ ಒದೆಯುವ ಪ್ರೊಪೆಲ್ಲರ್

ಎರಡು ಸೀಟಿನ ಅಮೆರಿಕನ್ ವಿಮಾನ ಪೈಪರ್ ಜೆ-3 ಕಬ್‌ನ ತಯಾರಿಕೆ 1947ರಲ್ಲೇ ನಿಂತರೂ ಹಲವು ಕಬ್‌ಗಳು ಇಂದಿಗೂ ಹಾರುತ್ತಿವೆ. ಹೆಚ್ಚಿನವಕ್ಕೆ ಬ್ಯಾಟರಿಯೂ ಇಲ್ಲ, ಸ್ಟಾರ್ಟರ್ ಮೋಟಾರೂ ಇಲ್ಲ. ಒಬ್ಬರು ಎದುರು ನಿಂತು ಪ್ರೊಪೆಲ್ಲರನ್ನು ಕೈಯಿಂದ ಎಳೆದು ಬಿಟ್ಟರೇ ಎಂಜಿನ್ ಶುರು. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನವನ್ನೂ ನಮ್ಮ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹೀಗೇ ಶುರು ಮಾಡುತ್ತಿದ್ದರು.

ಬ್ಯಾಟರಿಯಿಲ್ಲದೆ ಕಿಡಿ ಎಲ್ಲಿಂದ ಬಂತು? ಮ್ಯಾಗ್ನೆಟೊದಿಂದ. ಎಂಜಿನ್ ತಿರುಗಿದರೆ ಅದರೊಳಗಿನ ಅಯಸ್ಕಾಂತವೂ ತಿರುಗಿ, ತಂತಿ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಕೈಯಿಂದ ಎಳೆಯುವ ವೇಗ ಇದಕ್ಕೆ ಸಾಲದು. ಹಾಗಾಗಿ ಅನೇಕ ಎಂಜಿನ್‌ಗಳಲ್ಲಿ ಒಂದು ಸ್ಪ್ರಿಂಗ್ ಮ್ಯಾಗ್ನೆಟೊವನ್ನು ಕ್ಷಣಕಾಲ ತಡೆಹಿಡಿದು ಫಕ್ಕನೆ ಬಿಡುತ್ತದೆ. ಪ್ರೊಪೆಲ್ಲರಿನ ಅಲಗನ್ನು ಮೆಲ್ಲಗೆ ತಿರುಗಿಸುವಾಗ ಕೇಳಿಸುವ ‘ಟಕ್’ ಸದ್ದು ಅದರದ್ದೇ. ಅಂದರೆ, ಮೆಲ್ಲಗೆ ತಿರುಗಿಸಿದರೂ ಬಲವಾದ ಕಿಡಿ ಹುಟ್ಟಬಲ್ಲದು.

ಅಪಾಯದ ಬೇರು ಇಲ್ಲಿದೆ. ಮನೆಯ ದೀಪದ ಸ್ವಿಚ್ ಆಫ್ ಮಾಡಿದರೆ ಸಂಪರ್ಕ ಕಡಿಯುತ್ತದೆ. ಮ್ಯಾಗ್ನೆಟೊದಲ್ಲಿ ತಿರುವುಮುರುವು: ಆಫ್ ಮಾಡಿದಾಗಲೇ ಸಂಪರ್ಕ ಕೂಡಿ, ವಿದ್ಯುತ್ತು ಒಂದು ತಂತಿಯ ಮೂಲಕ ಎಂಜಿನ್ನಿನ ಮೈಗೆ ಹರಿದುಹೋಗುತ್ತದೆ, ಕಿಡಿ ಹುಟ್ಟುವುದಿಲ್ಲ. ಆ ತಂತಿ ತುಂಡಾದರೆ ಅಥವಾ ಸಡಿಲವಾದರೆ ಮುಗಿಯಿತು; ಸ್ವಿಚ್ ಆಫ್ ಎಂದು ತೋರಿಸುತ್ತಿದ್ದರೂ ಮ್ಯಾಗ್ನೆಟೊ ಕೆಲಸ ಮಾಡುತ್ತಲೇ ಇರುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲ್ ಆವಿ ಉಳಿದಿದ್ದರೆ, ಸುಮ್ಮನೆ ಸರಿಸಲೆಂದು ಮುಟ್ಟಿದ ಅಲಗೂ ಒದ್ದೀತು. ಕಣ್ಣಿಗೆ ಕಾಣದ ಈ ದೋಷವೇ ನನಗೆ ಎಲ್ಲಕ್ಕಿಂತ ಭಯಾನಕವೆನಿಸುತ್ತದೆ.

ಕಬ್‌ನ ಪ್ರೊಪೆಲ್ಲರ್ ತುದಿಯಿಂದ ತುದಿಗೆ ಸುಮಾರು 6 ಅಡಿ. ನಿಮಿಷಕ್ಕೆ 600 ಸುತ್ತು ತಿರುಗಿದರೂ ತುದಿಯ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅಪಾಯ ಕಂಡು ಕೈ ಹಿಂದೆಳೆಯಲು ನಮಗೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಅಲಗು ನಾಲ್ಕು ಬಾರಿ ಹಾದುಹೋಗಿರುತ್ತದೆ. ಆದ್ದರಿಂದ ಜಾಣತನವೆಲ್ಲ ಎಳೆಯುವ ಮೊದಲೇ ಇರಬೇಕು. ಬೆರಳು ಮಡಿಸಿ ಅಲಗನ್ನು ಹಿಡಿಯಬಾರದು, ಅಂಗೈ ಇಟ್ಟು ಎಳೆಯಬೇಕು: ಕಿಡಿ ಬೇಗ ಹಾರಿ ಪ್ರೊಪೆಲ್ಲರ್ ಹಿಮ್ಮುಖವಾಗಿ ಒದ್ದರೆ ಮಡಿಸಿದ ಬೆರಳು ಅದರ ಜೊತೆಗೇ ಹೋಗುತ್ತದೆ. ತೀರಾ ದೂರ ನಿಂತರೂ ತಪ್ಪೇ, ಎಟುಕಿಸಿಕೊಳ್ಳಲು ಬಾಗಿದ ಮೈ ಮುಂದಕ್ಕೇ ವಾಲುತ್ತದೆ. ಎಳೆದ ಭರದಲ್ಲೇ ಮೈ ಹಿಂದೆ ಸರಿಯಬೇಕು. ಕಾಲಡಿಯಲ್ಲಿ ಒದ್ದೆ ಹುಲ್ಲು, ಜಲ್ಲಿ ಇರಕೂಡದು.

ಒಬ್ಬರೇ ಶುರು ಮಾಡಹೊರಟರೆ ಇನ್ನೊಂದು ಗಂಡಾಂತರ. ಅಮೆರಿಕದ ವಿಮಾನಯಾನ ಆಡಳಿತದ ಕೈಪಿಡಿ ಕಾಕ್‌ಪಿಟ್‌ನಲ್ಲಿ ಬಲ್ಲವರೊಬ್ಬರು ಕೂತಿರಲೇಬೇಕು ಎನ್ನುತ್ತದೆ. ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಹಿಡಿಯದಿದ್ದಾಗ ಸ್ವಿಚ್ ಆಫ್ ಮಾಡಿ, ಎಂಜಿನ್ನಿನ ವೇಗ ಏರಿಳಿಸುವ ಥ್ರಾಟಲ್ ಪೂರ್ತಿ ತೆರೆದು, ಅಲಗನ್ನು ಕೆಲವು ಸುತ್ತು ತಿರುಗಿಸುವುದುಂಟು. ಬಳಿಕ ಥ್ರಾಟಲ್ ಮುಚ್ಚಲು ಮರೆತು ಎಳೆದರೆ ವಿಮಾನ ಎಳೆದವರ ಮೇಲೆಯೇ ನುಗ್ಗುತ್ತದೆ. ಅದಕ್ಕೇ ಗಾಲಿಗೆ ಅಡ್ಡ ಕೊಡುವುದು, ಬಾಲವನ್ನು ಹಗ್ಗದಿಂದ ಕಟ್ಟುವುದು. ಒಳಗಿನವರು ‘ಬ್ರೇಕ್ ಹಿಡಿದಿದೆ, ಥ್ರಾಟಲ್ ಮುಚ್ಚಿದೆ’ ಎಂದು ಪ್ರತಿ ಸಲವೂ ಗಟ್ಟಿಯಾಗಿ ಕೂಗಿ ಹೇಳುವ ತನಕ ಹೊರಗಿನವರ ಕೈ ಅಲಗಿನ ಹತ್ತಿರ ಹೋಗುವಂತಿಲ್ಲ.