ಸೇತುವೆ ಎದ್ದಿತು, ಧನುಷ್ಕೋಟಿ ಏಳಲಿಲ್ಲ

ರಾಮೇಶ್ವರ ದ್ವೀಪದ ಆಗ್ನೇಯ ತುದಿಯಲ್ಲಿ, ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ ಧನುಷ್ಕೋಟಿ. ಒಂದು ಬದಿಗೆ ಪಾಕ್ ಕೊಲ್ಲಿ, ಇನ್ನೊಂದು ಬದಿಗೆ ಮನ್ನಾರ್ ಕೊಲ್ಲಿ, ನಡುವೆ ಕಿರಿದಾದ ಮರಳಿನ ಪಟ್ಟಿ. ರಸ್ತೆ ಮುಗಿಯುವ ಜಾಗದ ಹೆಸರು ಅರಿಚಲ್ ಮುನೈ. ಅಲ್ಲಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಸುಮಾರು 30 ಕಿ.ಮೀ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಇದೇ ಸೇತು. ಇಲ್ಲಿನ ಮರಳನ್ನು ಗಂಟು ಕಟ್ಟಿ ಪ್ರಯಾಗಕ್ಕೆ ಒಯ್ಯುವುದು, ಅಲ್ಲಿಂದ ಗಂಗೆ ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿಸುವುದು ಹಳೆಯ ಪದ್ಧತಿ.

ಇಲ್ಲಿನ ಮೀನುಗಾರರಿಗೆ ಪಾಕ್ ಕೊಲ್ಲಿ ಹೆಣ್ಣು ಕಡಲು, ಮನ್ನಾರ್ ಕೊಲ್ಲಿ ಗಂಡು ಕಡಲು. ಮುಂಗಾರಿನಲ್ಲಿ ಗಂಡು ಕಡಲು ಕೆರಳಿದರೆ ಹೆಣ್ಣು ಕಡಲಲ್ಲಿ ಬಲೆ ಬೀಳುತ್ತದೆ. ಹಿಂಗಾರಿನಲ್ಲಿ, ಚಳಿಗಾಲದ ಗಾಳಿ ಈಶಾನ್ಯದಿಂದ ಬೀಸತೊಡಗಿದಾಗ, ಲೆಕ್ಕ ತಿರುಗುತ್ತದೆ. ದೋಣಿ, ಬಲೆ, ಹಗ್ಗ ಎಲ್ಲವೂ ಮರಳು ದಾಟಿ ಆಚೆ ದಡ ಸೇರುತ್ತವೆ. ಎರಡು ಕಡಲುಗಳೂ ಒಟ್ಟಿಗೆ ಮುನಿಯುವುದು ಚಂಡಮಾರುತ ಬಂದಾಗ.

1914ರಲ್ಲಿ, ದ್ವೀಪವನ್ನು ಮುಖ್ಯ ಭೂಮಿಗೆ ಜೋಡಿಸುವ ಪಾಂಬನ್ ರೈಲು ಸೇತುವೆ ತೆರೆದ ಮೇಲೆ ಧನುಷ್ಕೋಟಿ ಬಂದರು ಊರಾಗಿ ಬೆಳೆಯಿತು. ಮದ್ರಾಸಿನಿಂದ ‘ಬೋಟ್ ಮೇಲ್’ ರೈಲು ಇಲ್ಲಿಯವರೆಗೆ ಬರುತ್ತಿತ್ತು. ಇಲ್ಲಿಂದ ಹಡಗು, ತಲೈಮನ್ನಾರ್‌ನಲ್ಲಿ ಮತ್ತೆ ರೈಲು, ಕೊನೆಗೆ ಕೊಲಂಬೊ. ರೈಲು ನಿಲ್ದಾಣ, ಅಂಚೆ ಕಚೇರಿ, ಸುಂಕದ ಕಟ್ಟೆ, ಶಾಲೆ, ಆಸ್ಪತ್ರೆ, ಚರ್ಚು ಎಲ್ಲವೂ ಇದ್ದವು. ಗೋಡೆಗಳಿಗೆ ಸಮುದ್ರದ ಹವಳಗಲ್ಲನ್ನೇ ಬಳಸಿದ್ದರು.

1964ರ ಡಿಸೆಂಬರ್ ಮಧ್ಯದಲ್ಲಿ ಅಂಡಮಾನ್ ಸಮುದ್ರದ ದಕ್ಷಿಣದಲ್ಲಿ ಹುಟ್ಟಿದ ವಾಯುಭಾರ ಕುಸಿತ ಪಶ್ಚಿಮಕ್ಕೆ ಸರಿಯುತ್ತ ಬಲಗೊಂಡಿತು. 22ರಂದು ಉತ್ತರ ಶ್ರೀಲಂಕಾವನ್ನು ಹಾದು, ಅಂದು ರಾತ್ರಿ ಧನುಷ್ಕೋಟಿಗೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ 240 ಕಿ.ಮೀ. ದಾಟಿತ್ತೆಂದು ಅಂದಾಜು. ಆದರೆ ಊರನ್ನು ಮುಗಿಸಿದ್ದು ಗಾಳಿಗಿಂತ ಹೆಚ್ಚಾಗಿ ನೀರು. ಚಂಡಮಾರುತ ನೀರನ್ನು ದಡದತ್ತ ನೂಕಿಕೊಂಡು ಬರುತ್ತದೆ. ಕಡಲು ಆಳವಾಗಿದ್ದರೆ ಆ ನೀರು ಅಡಿಯಿಂದ ಹಿಂದಕ್ಕೆ ಹರಿದುಹೋಗಲು ಜಾಗವಿರುತ್ತದೆ. ಪಾಕ್ ಕೊಲ್ಲಿ ಬಲು ಆಳ ಕಡಿಮೆಯ ಕಡಲು. ಅಲ್ಲಿ ನೀರಿಗೆ ಮೇಲೇಳುವುದೊಂದೇ ದಾರಿ. ಸುಮಾರು ಏಳು ಮೀಟರ್ ಎತ್ತರದ ಅಲೆಗಳು ಊರಿನ ಮೇಲೆ ಹಾದುಹೋದವು. ಮರಳಿನ ಪಟ್ಟಿಯಲ್ಲಿ ಓಡಿ ಹತ್ತಲು ಒಂದು ದಿಬ್ಬವೂ ಇರಲಿಲ್ಲ.

ಅದೇ ರಾತ್ರಿ ಪಾಂಬನ್‌ನಿಂದ ಹೊರಟ 653ನೇ ಸಂಖ್ಯೆಯ ಪ್ಯಾಸೆಂಜರ್ ರೈಲು ನಿಲ್ದಾಣ ಸೇರುವ ಮೊದಲೇ ಅಲೆಗೆ ಸಿಕ್ಕಿತು. ಅಧಿಕೃತ ಲೆಕ್ಕದ ಪ್ರಕಾರ ಸಿಬ್ಬಂದಿಯೂ ಸೇರಿ 115 ಮಂದಿ ಸತ್ತರು. ಟಿಕೆಟ್ ಇಲ್ಲದೆ ಹತ್ತಿದವರನ್ನೂ ಸೇರಿಸಿದರೆ ಸಂಖ್ಯೆ ಇನ್ನೂ ಹೆಚ್ಚು ಎಂದು ಹೇಳುವವರಿದ್ದಾರೆ. ತಂತಿ ಕಡಿದಿದ್ದರಿಂದ ರೈಲಿನ ಗತಿ ಹೊರಗೆ ಖಚಿತವಾಗಿ ಗೊತ್ತಾಗಲು ದಿನಗಳೇ ಹಿಡಿದವು. ಭಾರತ, ಶ್ರೀಲಂಕಾ ಎರಡೂ ಕಡೆ ಸೇರಿ ಸತ್ತವರು ಸುಮಾರು 1,800 ಎಂದು ಅಂದಾಜು.

ಪಾಂಬನ್ ಸೇತುವೆಯ 126 ಗರ್ಡರುಗಳು ಕೊಚ್ಚಿಹೋದವು. ಹಡಗಿಗೆ ದಾರಿಬಿಡಲು ಮೇಲೆದ್ದು ತೆರೆಯುವ ನಡುವಿನ ಭಾಗ ಮಾತ್ರ ಉಳಿಯಿತು. ಆಗ ದ್ವೀಪಕ್ಕೆ ಬೇರೆ ದಾರಿಯಿರಲಿಲ್ಲ, ರಸ್ತೆ ಸೇತುವೆ ಬಂದದ್ದು 1988ರಲ್ಲಿ. ರೈಲ್ವೆ ದುರಸ್ತಿಗೆ ಆರು ತಿಂಗಳ ಗಡುವು ಹಾಕಿತು. ಮೇಲಧಿಕಾರಿ ಅದನ್ನು ಮೂರಕ್ಕಿಳಿಸಿದರು. ಹೊಣೆ ಹೊತ್ತ ಯುವ ಎಂಜಿನಿಯರ್ ಇ. ಶ್ರೀಧರನ್ 46 ದಿನಗಳಲ್ಲಿ ಮುಗಿಸಿದರು. ಮುಂದೆ ಮಂಗಳೂರಿನ ತನಕ ಕೊಂಕಣ ರೈಲು ತಂದವರೂ ಅವರೇ. ಸೇತುವೆ ಬೇಗ ಎದ್ದುದಕ್ಕೆ ಮುಖ್ಯ ಕಾರಣ, ಕಡಲ ತಳ ಸೇರಿದ್ದ ಹಳೆಯ ಗರ್ಡರುಗಳು ಸಿಕ್ಕಿದ್ದು. ಅವು ಬಿದ್ದಿರುವ ಜಾಗದ ಸುಳಿವು ಕೊಟ್ಟವರು ಮೀನುಗಾರರು. ಎತ್ತಿ ತಂದ ಆ ಉಕ್ಕನ್ನೇ ಮತ್ತೆ ಕಂಬಗಳ ಮೇಲೆ ಕೂರಿಸಲಾಯಿತು. ಸೇತುವೆಯ ಕಥೆ ಹೇಳುವಾಗ ಈ ಮೀನುಗಾರರನ್ನು ಒಂದು ವಾಕ್ಯದಲ್ಲಿ ಮುಗಿಸುವುದು ರೂಢಿಯಾಗಿದೆ. ಅದು ನ್ಯಾಯವಲ್ಲ.

ರೈಲು ರಾಮೇಶ್ವರಕ್ಕೆ ಮರಳಿತು, ಧನುಷ್ಕೋಟಿಗೆ ಮರಳಲಿಲ್ಲ. ಸರ್ಕಾರ ಈ ಊರನ್ನು ವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿತು. ಇಂದು ಪ್ರವಾಸಿಗರು ನೋಡುವುದು ಚರ್ಚಿನ ಮೊಂಡು ಗೋಡೆ, ನಿಲ್ದಾಣದ ಅವಶೇಷ, ಮರಳಲ್ಲಿ ಹೂತ ಕಟ್ಟಡಗಳು. ಹವಳಗಲ್ಲಿನ ಆ ಗೋಡೆಗಳಿಗೆ ಆತು ನಿಂತು ಚಿತ್ರ ತೆಗೆಸಿಕೊಳ್ಳುವವರನ್ನು ತಡೆಯಲು ಇನ್ನಷ್ಟು ಕಾವಲು ಬೇಕಾಗಿತ್ತು. ಉಪ್ಪುಗಾಳಿಗೆ ಪುಡಿಯಾಗುತ್ತಿರುವ ಕಲ್ಲಿಗೆ ಕೈಯ ಸವೆತವೂ ಸೇರುತ್ತಿದೆ.

ಧನುಷ್ಕೋಟಿ ನಿರ್ಜನ ಎಂದು ಬರೆಯುವುದು ಮಾತ್ರ ತಪ್ಪು. ಮೀನುಗಾರ ಕುಟುಂಬಗಳು ಇಲ್ಲಿ ಗರಿಯ ಗುಡಿಸಲು ಹಾಕಿಕೊಂಡು ಬದುಕುತ್ತಿವೆ, ಮಕ್ಕಳಿಗೆ ಸರ್ಕಾರಿ ಶಾಲೆಯೂ ಇದೆ. ತಗ್ಗು ಮಾಡು, ಹಗ್ಗದ ಬಿಗಿತ, ಕಲ್ಲಿಲ್ಲದ ಗೋಡೆ ಇವುಗಳಿಗೆ ಬಡತನ ಕಾರಣವೆಂಬುದು ನಿಜ. ಆದರೆ ಗಾಳಿಗೆ ಹಾರಿದ ಗುಡಿಸಲನ್ನು ವಾರದೊಳಗೆ ಮತ್ತೆ ಕಟ್ಟಬಹುದು. ಬಿದ್ದರೂ ಅದು ಯಾರನ್ನೂ ಅಡಿಗೆ ಹಾಕಿ ಕೊಲ್ಲದು.

ಕುಡಿಯುವ ನೀರಿನ ದಾರಿ ಇನ್ನೂ ಸೋಜಿಗದ್ದು. ಎರಡು ಕಡಲುಗಳ ನಡುವೆ, ಮರಳನ್ನು ಕೆಲವೇ ಅಡಿ ತೋಡಿದರೆ ಸಿಹಿನೀರಿನ ಒರತೆ ಸಿಗುತ್ತದೆ. ಮಳೆನೀರು ಮರಳಲ್ಲಿ ಇಂಗಿ, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ತೆಳು ಪದರವಾಗಿ ತೇಲುತ್ತಿರುತ್ತದೆ. ಆಳಕ್ಕೆ ತೋಡಿದರೆ, ಒಮ್ಮೆಲೇ ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ಆದ್ದರಿಂದ ಹೆಂಗಸರು ಗುಂಡಿಯ ಬದಿಯಲ್ಲಿ ಕೂತು, ಊರಿ ಬಂದಷ್ಟನ್ನೇ ಮೊಗೆದು ಕೊಡಕ್ಕೆ ತುಂಬುತ್ತಾರೆ. ಕಡಲು ಉಕ್ಕಿ ಮರಳಿನ ಮೇಲೆ ಹರಿದರೆ ಈ ಪದರವೇ ಕೆಡುತ್ತದೆ, ಮತ್ತೆ ಸಿಹಿಯಾಗಲು ಮಳೆ ಬಿದ್ದು ಇಂಗಬೇಕು.

ಇಲ್ಲಿ ಇನ್ನೂ ಉಳಿದಿರುವ ಕಸುಬು ಕರೈ ವಲೈ. ಉಡುಪಿ, ಕಾರವಾರದ ಕಡೆಯವರಿಗೆ ಇದರ ಗುರುತು ತಕ್ಷಣ ಹತ್ತುತ್ತದೆ, ಏಕೆಂದರೆ ಇದು ಕೈರಂಪಣಿಯದೇ ರೀತಿ. ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಇಳಿಸುತ್ತ ಹೋಗಿ ಇನ್ನೊಂದು ತುದಿಯೊಂದಿಗೆ ದಡಕ್ಕೆ ಮರಳುತ್ತದೆ. ಆಮೇಲೆ ಗಂಡಸರು, ಹೆಂಗಸರು, ಮುದುಕರು ಎರಡು ಸಾಲಾಗಿ ನಿಂತು, ಹಗ್ಗವನ್ನು ಸೊಂಟಕ್ಕೆ ಕೊಟ್ಟು, ಹಿಮ್ಮೆಟ್ಟಿ ಹೆಜ್ಜೆಯಿಡುತ್ತ ಎಳೆಯುತ್ತಾರೆ. ಸಾಲುಗಳು ಹತ್ತಿರವಾಗುತ್ತ ಬಂದಂತೆ ಬಲೆಯ ಚೀಲ ದಡ ಮುಟ್ಟುತ್ತದೆ. ಬಂದ ಮೀನು ಪಾಲಾಗುತ್ತದೆ, ಮಿಕ್ಕದ್ದು ಮರಳಿನ ಮೇಲೆ ಒಣಗಲು ಬೀಳುತ್ತದೆ. ಕರ್ನಾಟಕ ಕರಾವಳಿಯಲ್ಲಿ 1970ರ ದಶಕದಲ್ಲಿ ಯಂತ್ರದ ಪರ್ಸೀನ್ ದೋಣಿಗಳು ಬಂದು ದೊಡ್ಡ ರಂಪಣಿಗಳನ್ನು ಮೂಲೆಗೆ ತಳ್ಳಿದವು. ಇಲ್ಲಿ ಆ ಪಾತ್ರ ಟ್ರಾಲರುಗಳದು. ದಡದ ಹತ್ತಿರ ಮೀನು ಕಡಿಮೆಯಾದಷ್ಟೂ ಎಳೆಯುವ ಕೈಗಳೂ ಕಡಿಮೆಯಾಗುತ್ತಿವೆ. ಒಬ್ಬರ ಬಲಕ್ಕೆ ಬಗ್ಗದ ಈ ಕೆಲಸ ಉಳಿದಿರುವವರೆಗೆ, ಬಿರುಗಾಳಿಯ ಮುನ್ನ ದೋಣಿಗಳನ್ನು ಮೇಲಕ್ಕೆಳೆಯಲು ಊರೇ ಒಟ್ಟಾಗುವ ಅಭ್ಯಾಸವೂ ಉಳಿದೀತು.

2017ರಲ್ಲಿ ಅರಿಚಲ್ ಮುನೈವರೆಗೆ ರಸ್ತೆ ತೆರೆಯಿತು. ಪ್ರವಾಸಿಗರ ಕಾರುಗಳು ಬಂದವು. ಗುಡಿಸಲುಗಳು ಮಾತ್ರ ಆಮೇಲೂ ವರ್ಷಗಟ್ಟಲೆ ಸೌರದೀಪದ ಬೆಳಕಿನಲ್ಲೇ ಇದ್ದವು. ವಾಸಕ್ಕೆ ಯೋಗ್ಯವಲ್ಲದ ಊರಿಗೆ ಸೌಕರ್ಯ ಕೊಡುವುದು ಹೇಗೆಂಬ ಆಡಳಿತದ ತೊಡಕು ಅರ್ಥವಾಗುವಂಥದ್ದೇ. ಆದರೂ ಪ್ರವಾಸಿಗೆ ಯೋಗ್ಯವಾದ ನೆಲ ನಿವಾಸಿಗೆ ಅಯೋಗ್ಯವಾಗಿ ಉಳಿದಿರುವುದು ಇಲ್ಲಿನವರ ನಿಜವಾದ ಅಳಲು.

ಮುನ್ಸೂಚನೆಯ ವಿಷಯದಲ್ಲಿ ಕಾಲ ಬಹಳ ಬದಲಾಗಿದೆ. 1964ರಲ್ಲಿ ದೇಶದ ಕರಾವಳಿಯಲ್ಲಿ ಚಂಡಮಾರುತ ಹುಡುಕುವ ರಾಡಾರ್ ಇರಲಿಲ್ಲ. ಈಗ ಉಪಗ್ರಹ ದಿನಗಳ ಮೊದಲೇ ಹೇಳುತ್ತದೆ, ಪಾಂಬನ್ ಬಂದರಿನಲ್ಲಿ ಅಪಾಯದ ಸಂಕೇತ ಏರುತ್ತದೆ. ಹಳೆಯ ಸೇತುವೆಯಲ್ಲಿ ಗಾಳಿ ಗಂಟೆಗೆ 58 ಕಿ.ಮೀ. ಮೀರಿದರೆ ರೈಲು ನಿಲ್ಲಿಸುವ ವ್ಯವಸ್ಥೆಯಿತ್ತು. ಅದರ ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್‌ನಲ್ಲಿ ತೆರೆಯಿತು.

2020ರ ಡಿಸೆಂಬರ್‌ನಲ್ಲಿ ‘ಬುರೆವಿ’ ಚಂಡಮಾರುತ ಶ್ರೀಲಂಕಾ ದಾಟಿ ಪಾಂಬನ್‌ನತ್ತ ತಿರುಗಿದಾಗ ಧನುಷ್ಕೋಟಿಯ ಕುಟುಂಬಗಳನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಕರೆದೊಯ್ಯಲಾಯಿತು. ಅದು ಮನ್ನಾರ್ ಕೊಲ್ಲಿಯಲ್ಲೇ ಬಲ ಕಳೆದುಕೊಂಡಿತು. ಜನ ತಮ್ಮ ಗುಡಿಸಲುಗಳಿಗೆ, ಬಲೆಗಳಿಗೆ ಮರಳಿದರು.