ಹುಂಜವೋ ಹೇಂಟೆಯೋ? ಐದು ವಾರ ತಾಳಿ

ಅರಕಲಗೂಡು ತಾಲ್ಲೂಕಿನ ಆ ಹಳ್ಳಿಗೆ ಹೋದದ್ದು ಹೊಗೆಸೊಪ್ಪಿನ ಬೆಲೆಯ ಬಗ್ಗೆ ಮಾತಾಡಲು. ಆದರೆ ಹಿತ್ತಲಿಗೆ ಕಾಲಿಟ್ಟ ಮೇಲೆ ಹೊಗೆಸೊಪ್ಪು ಮರೆತೇಹೋಯಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮಂಕರಿಯ ಅಂಚು ಎತ್ತಿ, ಕೈ ತೂರಿಸಿ, ಒಂದೊಂದೇ ಪಿಳ್ಳೆಯನ್ನು ಹೊರಗೆಳೆಯುತ್ತಿದ್ದರು. ಮೂತಿ ನೋಡುವುದು, ಕಾಲು ಸವರುವುದು, ಇನ್ನೆರಡು ಮಂಕರಿಗಳಲ್ಲಿ ಯಾವುದಾದರೂ ಒಂದರ ಕೆಳಗೆ ತಳ್ಳುವುದು. ಒಂದರಲ್ಲಿ ಹುಂಜ, ಇನ್ನೊಂದರಲ್ಲಿ ಯಾಟೆ. ಮಗಳ ಮನೆಗೆ ಯಾಟೆಗಳನ್ನು ಕಳಿಸಬೇಕಿತ್ತಂತೆ. ಐದು ವಾರದ ಮರಿಗಳು. ನನ್ನ ಕಣ್ಣಿಗೆ ಎಲ್ಲವೂ ಒಂದೇ.

"ನೆತ್ತಿ ನೋಡು ಕಣವ್ವ" ಎಂದು ಎರಡನ್ನು ನನ್ನ ಮುಂದೆ ಹಿಡಿದರು. ಒಂದರ ಜುಟ್ಟು ಆಗಲೇ ಗುಲಾಬಿಗೆ ತಿರುಗಿ, ಬುಡ ಅಗಲವಾಗಿತ್ತು. ಇನ್ನೊಂದರದು ಹಳದಿ ಬಣ್ಣದ ಸಣ್ಣ ಗೀರು. ಮೊದಲನೆಯದರ ಕಾಲು ದಪ್ಪ, ಬಾಲ ಮೋಟು. ರೆಕ್ಕೆಯ ಭುಜದ ಹತ್ತಿರ ಪುಕ್ಕ ಸರಿಯಾಗಿ ಮುಚ್ಚದೆ ಚರ್ಮ ಕಾಣುತ್ತಿತ್ತು. ಎರಡನೆಯದಕ್ಕೆ ಮೈತುಂಬ ಒಪ್ಪವಾಗಿ ಗರಿ ಬಂದು ಬಾಲವೂ ಮೂಡಿತ್ತು. ಒಮ್ಮೆ ತೋರಿಸಿಕೊಟ್ಟ ಮೇಲೆ ನನಗೂ ಕಾಣತೊಡಗಿತು. ಆ ಸಂತೋಷ ಇನ್ನೂ ಇಳಿದಿಲ್ಲ.

ಮರಿ ಹೊರಬಂದ ದಿನವೇ ಹೇಳಲಾಗದೇ ಎಂದು ಕೇಳಿದೆ. "ಹುಟ್ಟಿದ್ ದಿನ ದೇವ್ರಿಗೂ ಗೊತ್ತಾಗಕಿಲ್ಲ" ಎಂದರು. ಅದೇ ಉಸಿರಿನಲ್ಲಿ, ಮೊಟ್ಟೆಯಲ್ಲೇ ಗೊತ್ತಾಗುತ್ತದೆ ಎಂದೂ ಸೇರಿಸಿದರು: "ಚೂಪಗಿರೋದು ಹುಂಜ, ಗುಂಡಗಿರೋದು ಯಾಟೆ. ನಮ್ಮತ್ತೆ ಹೇಳ್ಕೊಟ್ಟಿದ್ದು." ಮೂಲೆಯಲ್ಲಿ ಕಾವಿಗೆ ಕೂತ ಕೋಳಿಯ ಕುಕ್ಕೆಯಲ್ಲಿ, ಗುಡುಗಿಗೆ ಕೆಡದಿರಲೆಂದು ಇಟ್ಟ ಇದ್ದಿಲ ತುಂಡಿನ ಪಕ್ಕ, ಹಾಗೆ ಆರಿಸಿದ ಗುಂಡನೆಯ ಮೊಟ್ಟೆಗಳೇ ಇದ್ದವು.

ಈ ನಂಬಿಕೆಯ ಬೆನ್ನು ಹತ್ತಿದರೆ ಅದು ಎಲ್ಲೆಲ್ಲಿಗೋ ಕರೆದೊಯ್ಯುತ್ತದೆ. ಅಜ್ಜಿಯ ಅತ್ತೆ ಹೇಳಿದ್ದನ್ನೇ ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೃಷಿ ಬರಹಗಾರ ಕೊಲುಮೆಲ್ಲಾ ಬರೆದಿಟ್ಟಿದ್ದಾನೆ: ಉದ್ದ, ಚೂಪು ಮೊಟ್ಟೆ ಗಂಡು. ಅವನಿಗಿಂತ ಮೊದಲಿನ ಅರಿಸ್ಟಾಟಲ್ ಹೇಳಿದ್ದು ಇದಕ್ಕೆ ತದ್ವಿರುದ್ಧ. ಇದಕ್ಕಿಂತ ಸೊಗಸಾದದ್ದು ಲಿವಿಯಾಳ ಕತೆ. ಮುಂದೆ ರೋಮಿನ ಚಕ್ರವರ್ತಿ ಅಗಸ್ಟಸ್‌ನ ಹೆಂಡತಿಯಾದವಳು. ಮೊದಲ ಗಂಡನಿಂದ ಬಸುರಾಗಿದ್ದಾಗ ಹುಟ್ಟುವುದು ಗಂಡೋ ಹೆಣ್ಣೋ ತಿಳಿಯುವ ಹಂಬಲಕ್ಕೆ ಒಂದು ಕೋಳಿಮೊಟ್ಟೆಯನ್ನು ಎದೆಯ ಬಿಸುಪಿನಲ್ಲೇ ಇಟ್ಟುಕೊಂಡು ಕಾವು ಕೊಟ್ಟಳು. ತಾನು ತೆಗೆದಿಡಬೇಕಾದಾಗ ದಾದಿಯ ಮಡಿಲಿಗೆ ದಾಟಿಸುತ್ತಿದ್ದಳು, ಕಾವು ಒಂದು ಕ್ಷಣವೂ ಆರಬಾರದಲ್ಲ! ರೋಮಿನ ಬರಹಗಾರ ಪ್ಲಿನಿ ಇದನ್ನು ಬರೆದಿದ್ದಾನೆ. ಹೊರಬಂದದ್ದು ಚಂದದ ಜುಟ್ಟಿನ ಹುಂಜ ಎಂದು ಚಕ್ರವರ್ತಿಗಳ ಚರಿತ್ರೆ ಬರೆದ ಸ್ವೆಟೋನಿಯಸ್ ಸೇರಿಸಿದ್ದಾನೆ. ಕ್ರಿ.ಪೂ. 42ರಲ್ಲಿ ಹುಟ್ಟಿದ ಗಂಡುಮಗುವೇ ಮುಂದೆ ಚಕ್ರವರ್ತಿಯಾದ ಟೈಬೀರಿಯಸ್. ಕೃತಕವಾಗಿ ಕಾವು ಕೊಡುವ ಉಪಾಯ ಹೊಳೆದದ್ದೇ ಇದರಿಂದ ಇರಬಹುದು ಎನ್ನುವಷ್ಟು ದೂರ ಪ್ಲಿನಿ ಹೋಗುತ್ತಾನೆ. ನನಗೆ ಅದಕ್ಕಿಂತ ಆ ದಾದಿಯ ಪಾಡು ಕಾಡುತ್ತದೆ. ಇಪ್ಪತ್ತೊಂದು ದಿನ, ಹಗಲೂ ರಾತ್ರಿ, ಒಡೆಯದಂತೆ ಕಾಯಬೇಕಾದ ಮೊಟ್ಟೆ.

ಅಜ್ಜಿಯ ಮೇಲೆ ಎಷ್ಟೇ ಅಭಿಮಾನವಿದ್ದರೂ ಇದನ್ನು ಹೇಳಲೇಬೇಕು: ಮೊಟ್ಟೆಯ ಆಕಾರಕ್ಕೂ ಒಳಗಿನ ಮರಿಗೂ ಸಂಬಂಧವಿಲ್ಲ. ಚೂಪೋ ಗುಂಡೋ ಎಂಬುದು ಮೊಟ್ಟೆಯಿಟ್ಟ ಕೋಳಿಯ ಗುಣ. ಮನುಷ್ಯರಲ್ಲಿ ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ಕಡೆಯಿಂದ; ಕೋಳಿಯಲ್ಲಿ ತಾಯಿಯಿಂದ. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಹುಂಜದ ವೀರ್ಯಾಣು ಅಂಡವನ್ನು ಸೇರುವ ಮೊದಲೇ ಹೇಂಟೆಯ ಒಡಲಲ್ಲಿ ಅದು ತೀರ್ಮಾನವಾಗಿರುತ್ತದೆ. ದಾರಕ್ಕೆ ಸೂಜಿ ಕಟ್ಟಿ ಮೊಟ್ಟೆಯ ಮೇಲೆ ತೂಗುವುದು, ಕತ್ತು ಹಿಡಿದೆತ್ತಿ ಮರಿ ಕಾಲು ಮಡಚುತ್ತದೋ ಚಾಚುತ್ತದೋ ನೋಡುವುದು, ಇವಕ್ಕೂ ಕಣ್ಣುಮುಚ್ಚಿ ಹೇಳುವುದಕ್ಕೂ ವ್ಯತ್ಯಾಸವಿಲ್ಲ.

ಹುಟ್ಟಿದ ದಿನವೇ ಹೇಳಬಲ್ಲವರು ಇದ್ದಾರೆ, ನಿಜ. 1920ರ ದಶಕದಲ್ಲಿ ಜಪಾನಿನ ಕಿಯೋಷಿ ಮಸುಯಿ ಮತ್ತು ಸಂಗಡಿಗರು ಮರಿಯ ಗುದದ್ವಾರದ ಒಳಮಡಿಕೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಪುಟ್ಟ ಉಬ್ಬನ್ನು ಗುರುತಿಸಿದರು. ಗಂಡಿನಲ್ಲಿ ಅದು ದುಂಡಗೆ ಉಬ್ಬಿರುತ್ತದೆ, ಹೆಣ್ಣಿನಲ್ಲಿ ಚಪ್ಪಟೆ ಅಥವಾ ಇಲ್ಲವೇ ಇಲ್ಲ. ನಡುವಿನ ರೂಪಗಳೂ ಇರುವುದರಿಂದಲೇ ಈ ವಿದ್ಯೆ ಕಷ್ಟ. ಮುಂದಿನ ದಶಕದಲ್ಲಿ ಜಪಾನೀ ಪರಿಣತರು ಅಮೆರಿಕದ ಮರಿ ಕೇಂದ್ರಗಳಿಗೂ ಹೋದರು. ಪಳಗಿದ ಕೈ ಗಂಟೆಗೆ ಸಾವಿರದಷ್ಟು ಮರಿಗಳನ್ನು ಬೇರ್ಪಡಿಸುತ್ತದೆ. ಇದು ಮಾತಿಗೆ ಸಿಗದ ಅಂತಃಸ್ಫುರಣೆ ಎಂದು ಕೊಂಡಾಡುವವರನ್ನು ನಾನು ಒಪ್ಪುವುದಿಲ್ಲ. 1987ರಲ್ಲಿ ಬೀಡರ್ಮನ್ ಮತ್ತು ಶಿಫ್ರಾರ್ ಎಂಬ ಸಂಶೋಧಕರು, ಉಬ್ಬು ದುಂಡಗಿದೆಯೇ ಚಪ್ಪಟೆಯೇ ಎಲ್ಲಿ ನೋಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟ ಕೂಡಲೇ, ಏನೂ ಅರಿಯದವರು ಚಿತ್ರಗಳನ್ನು ಪರಿಣತರಿಗೆ ಸಮನಾಗಿ ಗುರುತಿಸಿದರು. ಹಾಗೆಂದು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಚಿತ್ರ ನೋಡುವುದೇ ಬೇರೆ. ಒಂದು ದಿನದ ಮರಿಯ ಹೊಟ್ಟೆ ಒತ್ತುವಾಗ ಬೆರಳು ತಪ್ಪಿದರೆ ಕರುಳಿಗೆ ಪೆಟ್ಟಾಗಿ ಸಾಯುತ್ತದೆ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಗೊತ್ತಿರುವ ಪನೆಟ್ ಚೌಕದ ಆ ಪನೆಟ್ ಬೇರೆ ದಾರಿ ಹಿಡಿದ. ಮೊದಲ ಮಹಾಯುದ್ಧದ ಕಾಲ, ಕಾಳಿಗೆ ಬರ. ಬಣ್ಣದಿಂದಲೇ ಗಂಡುಮರಿ ಗುರುತಿಸಿದರೆ ಅವಕ್ಕೆ ಹಾಕುವ ತೀನಿ ಉಳಿಯುತ್ತದೆ ಎಂದ. ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಪಟ್ಟೆ ಗರಿಯ ಪ್ಲಿಮತ್ ರಾಕ್ ಹೇಂಟೆ ಕೂಡಿಸಿದರೆ ಗಂಡುಮರಿಗಳ ನೆತ್ತಿಯ ಮೇಲೆ ಬಿಳಿ ಚುಕ್ಕೆ, ಹೆಣ್ಣಿಗೆ ಇಲ್ಲ. ರೆಕ್ಕೆಯ ಗರಿಯ ಉದ್ದ ನೋಡುವ ಉಪಾಯವೂ ಇಂಥದ್ದೇ. ಎರಡೂ ಗೊತ್ತಾದ ತಂದೆತಾಯಿಗಳ ಜೋಡಿಗೆ ಮಾತ್ರ. ಊರೆಲ್ಲ ತಿರುಗುವ ನಾಟಿ ಹುಂಜದ ಮರಿಗಳಲ್ಲಿ ರೆಕ್ಕೆ ಬಿಡಿಸಿ ನೋಡಿ ಪ್ರಯೋಜನವಿಲ್ಲ. ಈ ಎಚ್ಚರಿಕೆಯನ್ನು ಬಿಟ್ಟು ಉಪಾಯವನ್ನಷ್ಟೇ ಸಾರುವವರ ಮೇಲೆ ನನಗೆ ಬೇಸರವಿದೆ.

ಉಳಿಯುವುದು ಕಾಯುವ ದಾರಿ. ಅದರಲ್ಲೂ ತೊಡಕುಗಳಿವೆ. ಕಾಳಗದ ಅಸೀಲ್ ತಳಿಗೆ ಜುಟ್ಟೇ ಮೋಟು, ಬೆಳೆಯುವುದು ನಿಧಾನ. ಮಧ್ಯಪ್ರದೇಶದ ಝಾಬುವಾದಿಂದ ನಮ್ಮ ಹಿತ್ತಲಿಗೂ ಬಂದಿರುವ ಕಡಕ್‌ನಾಥ್‌ನ ಜುಟ್ಟು ಕಪ್ಪು, ಕೆಂಪಾಗುವುದನ್ನು ಕಾದು ಕೂತರೆ ಕೂತೇ ಇರಬೇಕು; ಅಲ್ಲಿ ಬಣ್ಣ ಬಿಟ್ಟು ಗಾತ್ರ ನೋಡಬೇಕು. ಯಾವ ತಳಿಗಾದರೂ ಮೂರು ತಿಂಗಳ ಹೊತ್ತಿಗೆ ಕತ್ತಿನ, ಸೊಂಟದ ಗರಿಗಳು ಸಾಮಾನ್ಯವಾಗಿ ಸಂಶಯ ಕಳೆಯುತ್ತವೆ. ಹುಂಜದವು ಸಪೂರ, ಮೊನಚು, ಹೊಳಪು. ಹೇಂಟೆಯವು ತುದಿ ದುಂಡು.

ಮೊದಲ ದಿನವೇ ತಿಳಿಯಬೇಕೆಂಬ ಅವಸರ ಮೊಟ್ಟೆ ಉದ್ಯಮದ್ದು. ಅಲ್ಲಿ ಗಂಡುಮರಿ ಮೊಟ್ಟೆಯಿಡದು, ಮಾಂಸಕ್ಕೂ ಬೇಗ ಬೆಳೆಯದು; ಹುಟ್ಟಿದ ದಿನವೇ ಕೊಲ್ಲುತ್ತಾರೆ. 2022ರಿಂದ ಜರ್ಮನಿ ಇದನ್ನು ನಿಷೇಧಿಸಿತು, ಮೊಟ್ಟೆಯೊಳಗೇ ಲಿಂಗ ಪತ್ತೆಹಚ್ಚುವ ಯಂತ್ರಗಳು ಬಂದವು. ಅಜ್ಜಿಯ ಹಿತ್ತಲಲ್ಲಿ ಬೇಡದ ಮರಿ ಎಂಬುದಿಲ್ಲ. ಯಾಟೆ ಮೊಟ್ಟೆಗೆ, ಕಾವಿಗೆ. ಹುಂಜ ಮಾರಮ್ಮನ ಹರಕೆಗೆ, ಯುಗಾದಿಯ ಮಾರನೇ ದಿನದ ಹೊಸತೊಡಕಿಗೆ. ಕಾರ್ತಿಕದಲ್ಲಿ ಮರಿ ಮಾಡಿಸಿದರೆ ಹೊಸತೊಡಕಿನ ಹೊತ್ತಿಗೆ ಹುಂಜ ತೂಕಕ್ಕೆ ಬರುತ್ತದೆ, ವರ್ಷದಲ್ಲೇ ಒಳ್ಳೆಯ ಬೆಲೆ ಆಗ ಸಿಗುತ್ತದೆ ಎಂದು ಲೆಕ್ಕ ಹೇಳಿದರು. ಅದಕ್ಕೇ ಈ ಸಲ ಕಾರ್ತಿಕದಲ್ಲಿ ಕಾವಿಗೆ ಇಡಲು ಚೂಪು ಮೊಟ್ಟೆಗಳನ್ನೇ ಕೂಡಿಸಬೇಕಂತೆ. ಆಕಾರದಿಂದ ಏನೂ ಆಗದು ಎಂದು ವಾದಿಸಿದೆ, ಕೇಳಲಿಲ್ಲ. ಮರಿಗಳಿಗೆ ಐದು ವಾರ ತುಂಬಿದಾಗ ಬಂದು ಎಣಿಸಿಕೋ ಎಂದರು. ಹೋಗುತ್ತೇನೆ.