ತಲೆಗೆ ಪೆಟ್ಟು: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ರಸ್ತೆ ಅಪಘಾತದಿಂದ ತಲೆಗೆ ತೀವ್ರ ಪೆಟ್ಟಾದವರನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ಯುವುದು ವಾಡಿಕೆ. ಜೀವ ಉಳಿದರೂ ಮಾತು, ನಡೆ, ನೆನಪು ಪೂರ್ಣ ಮರಳದೆ ಮನೆಗೆ ಬಂದವರ ಬಂಧುಗಳು ನಮ್ಮಲ್ಲಿಗೆ ಬಂದು, ತೈಲದಿಂದ ಗುಣವಾದೀತೇ ಎಂದು ಕೇಳುತ್ತಾರೆ.

ಇಂಥವರಿಗೆ ಪುನಶ್ಚೇತನವೇ ಮುಖ್ಯ ಚಿಕಿತ್ಸೆ. ಅದು ಬೇಗ ಆರಂಭವಾದಷ್ಟೂ ಒಳಿತು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನವೇ ಫಿಜಿಯೋಥೆರಪಿ, ಮಾತಿನ ಚಿಕಿತ್ಸೆ ಎಲ್ಲಿ ದೊರೆಯುವುದೆಂದು ವೈದ್ಯರಿಂದ ಬರೆಸಿಕೊಳ್ಳಬೇಕು. ರೋಗಿಯ ನುಂಗುವ ಶಕ್ತಿಯನ್ನೂ ಪರೀಕ್ಷಿಸಲು ಕೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಸಂಬಂಧಿ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಹಾಸಿಗೆ ಹಿಡಿದವರನ್ನು 2 ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಬೆನ್ನಿಗೆ ಹುಣ್ಣಾಗುತ್ತದೆ. ನುಂಗಲಾರದವರಿಗೆ ಗಂಜಿ, ಕಷಾಯ ಕುಡಿಸಿದರೆ ಅದು ಶ್ವಾಸಕೋಶ ಸೇರಿ ಪ್ರಾಣಾಪಾಯವಾದೀತು. ತಲೆಬುರುಡೆಯ ಮೂಳೆ ತೆಗೆದಿದ್ದರೆ ಶಿರೋಧಾರೆ, ತಲೆಯ ಮರ್ದನ ಸರ್ವಥಾ ಸಲ್ಲದು. ಮೂರ್ಛೆ ಬಾರದಂತೆ ಕೊಟ್ಟ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ನರತಜ್ಞರ ಒಪ್ಪಿಗೆಯಿದ್ದರೆ ಕೈಕಾಲುಗಳ ಮೃದು ಅಭ್ಯಂಗವು ವ್ಯಾಯಾಮಕ್ಕೆ ಪೂರಕವೇ ಹೊರತು ಅದಕ್ಕೆ ಬದಲಿಯಲ್ಲ. ಆಯುರ್ವೇದ ವೈದ್ಯರಾಗಿಯೇ ನಾವು ಈ ಮಾತನ್ನು ಹೇಳುತ್ತಿದ್ದೇವೆ.

ನ್ಯೂನತೆ ಉಳಿದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸಬೇಕು; ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ.

ಈ ಆರೈಕೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುವಂಥದ್ದು. ಅದನ್ನು ಮನೆಯ ಒಬ್ಬಳೇ ಹೆಣ್ಣುಮಗಳ ಹೆಗಲಿಗೆ ಬಿಡದೆ ಎಲ್ಲರೂ ಸರದಿಯಂತೆ ಹಂಚಿಕೊಳ್ಳಿರಿ. ನೆರೆಯವರು ವಾರಕ್ಕೊಮ್ಮೆ 2 ತಾಸು ರೋಗಿಯ ಬಳಿ ಕುಳಿತು ಆಕೆಗೆ ಬಿಡುವು ಕೊಟ್ಟರೆ ಅದೂ ದಾಸೋಹವೇ.